ಏರ್ ತೆಗೆದರೆ ಬ್ರೇಕ್ ಸರಿಹೋಯಿತೇ?

ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಆದರೂ ಮಂಡ್ಯದ ಕೆರಗೋಡಿನಂಥ ಊರುಗಳಲ್ಲಿ ಅಪ್ಪನ ಕಾಲದ ಕಾರನ್ನು ಮಾರಲೊಪ್ಪದೆ ಶೆಡ್ಡಿನಲ್ಲಿ ಉಳಿಸಿಕೊಂಡವರು ಇದ್ದಾರೆ. ಅದನ್ನು ಹೊರತೆಗೆಯುವ ದಿನ ಮೊದಲು ಕೈಕೊಡುವುದು ಬ್ರೇಕು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಏರ್ ಹಿಡ್ಕೊಂಡದೆ, ತೆಗುದ್ರೆ ಸರಿಹೋಯ್ತದೆ.’

ಈ ಮಾತು ಅರ್ಧ ಮಾತ್ರ ನಿಜ. ದ್ರವವನ್ನು ಎಷ್ಟು ಒತ್ತಿದರೂ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಪೈಪಿನಲ್ಲಿ ಗಾಳಿ ಸೇರಿದ್ದರೆ ಪೆಡಲ್ ಮೆತ್ತಗೆ, ಸ್ಪಂಜಿನಂತೆ ಇಳಿಯುತ್ತದೆ. ಅದಕ್ಕೆ ಬ್ಲೀಡಿಂಗ್, ಅಂದರೆ ಏರ್ ತೆಗೆಯುವುದೇ ಮದ್ದು. ಆದರೆ ಪೆಡಲ್ ಆಳಕ್ಕೆ ಹೋಗಿ, ಎರಡನೇ ಸಲ ತುಳಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಬಹುತೇಕ ಶೂಗಳು ಸವೆದು ಡ್ರಮ್‌ನಿಂದ ದೂರವಾಗಿರುತ್ತವೆ. ಅಲ್ಲಿ ಬೇಕಾದ್ದು ಅಡ್ಜಸ್ಟ್‌ಮೆಂಟು, ಅದೂ ಏರ್ ತೆಗೆಯುವ ಮೊದಲೇ. ಕಾಲನ್ನು ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರನ್ನು ಅನುಮಾನಿಸಬೇಕು. ಈ ಮೂರನ್ನೂ ಒಂದೇ ರೋಗ ಎಂದುಕೊಂಡು ಬಾಟಲಿಗಟ್ಟಲೆ ಬ್ರೇಕ್ ಆಯಿಲ್ ಸುರಿಯುವವರೇ ಹೆಚ್ಚು.

‘ಪಂಪ್ ಹೊಡುದ್ರೆ ಹಿಡಿತದಲ್ಲ, ಸಾಕು’ ಅನ್ನುವುದಂತೂ ಅಪಾಯದ ಮಾತು. ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾದಾಗ ನಾಲ್ಕು ಸಲ ತುಳಿಯಲು ಪುರುಸೊತ್ತು ಎಲ್ಲಿರುತ್ತದೆ? ಅಲ್ಲದೆ ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ಮಾರ್ಗಗಳಿದ್ದರೆ, ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಒಂದೇ. ಒಂದು ಚಕ್ರದ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ.

ಯಾವ ಆಯಿಲ್ ಆದರೂ ನಡೆಯುತ್ತದೆಯೇ? ಖಂಡಿತ ಇಲ್ಲ. ಹಿಂದೆ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಬ್ರೇಕಿಗೆ ಬಳಸುತ್ತಿದ್ದ ಕಾಲವೊಂದಿತ್ತು, ಅದು ಮುಗಿದ ಕಥೆ. ಈಗಿನ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಜಾತಿಯವು. ಎಂಜಿನ್ ಆಯಿಲ್ಲನ್ನೋ ಜಾಕಿನ ಹೈಡ್ರಾಲಿಕ್ ಆಯಿಲ್ಲನ್ನೋ ಹಾಕಿದರೆ ಒಳಗಿನ ರಬ್ಬರ್ ಕಪ್ಪುಗಳು ಊದಿಕೊಂಡು ಬ್ರೇಕು ಕಚ್ಚಿ ನಿಲ್ಲುತ್ತದೆ. ಆಮೇಲೆ ಎಲ್ಲ ಬಿಚ್ಚಿ ತೊಳೆದು ಹೊಸ ಕಿಟ್ ಹಾಕದೆ ಬೇರೆ ದಾರಿಯಿಲ್ಲ.

ಇನ್ನು ‘ಕಾರು ಓಡೇ ಇಲ್ಲ, ಆಯಿಲ್ ಯಾಕೆ ಬದಲಿಸಬೇಕು?’ ಎಂಬ ಪ್ರಶ್ನೆ. ಈ ದ್ರವ ನಿಂತಲ್ಲೇ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿಯೇ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಮಂಡ್ಯದ ಬಯಲಿನಲ್ಲಿ ಇದು ಗೊತ್ತಾಗದಿರಬಹುದು. ಅದೇ ಕಾರಿನಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಿ, ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಡ್ರಮ್ ಕಾಯುತ್ತದೆ, ದ್ರವದೊಳಗಿನ ನೀರು ಆವಿಯಾಗುತ್ತದೆ, ಪೆಡಲ್ ಒಮ್ಮೆಲೇ ನೆಲ ಮುಟ್ಟುತ್ತದೆ. ತೇವ ಒಳಗಿನ ಸಿಲಿಂಡರುಗಳಿಗೂ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ. ಮುಚ್ಚಳ ತೆರೆದು ಅಟ್ಟದ ಮೇಲಿಟ್ಟ ಹಳೆಯ ಡಬ್ಬಿ, ಬ್ಲೀಡ್ ಮಾಡುವಾಗ ಬಾಟಲಿಗೆ ಬಿದ್ದ ದ್ರವ, ಎರಡೂ ಮತ್ತೆ ಬಳಕೆಗಲ್ಲ.

ಮನೆಯಲ್ಲೇ ಮಾಡುವುದಾದರೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರುಮಾಡುವುದು ವಾಡಿಕೆ. ನಮ್ಮ ಬಲಗೈ ಸ್ಟೀರಿಂಗ್ ಕಾರಿನಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡ ಚಕ್ರ. ಆ ಚಕ್ರದ ಬ್ಲೀಡ್ ನಿಪ್ಪಲ್‌ಗೆ ಸಿಕ್ಕಿಸಿದ ಪಾರದರ್ಶಕ ಪೈಪಿನ ಇನ್ನೊಂದು ತುದಿ, ಬಾಟಲಿಯಲ್ಲಿ ಹಾಕಿಟ್ಟ ಹೊಸ ದ್ರವದೊಳಗೆ ಮುಳುಗಿರಲಿ. ‘ತುಳಿ’ ಎಂದಾಗ ಒಳಗಿದ್ದವರು ತುಳಿದು ಹಿಡಿಯಬೇಕು, ಹೊರಗಿದ್ದವರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿದ ಮೇಲಷ್ಟೇ ‘ಬಿಡು’ ಅನ್ನಬೇಕು. ಇದು ಹಿಂದುಮುಂದಾದರೆ ತೆಗೆದ ಗಾಳಿ ವಾಪಸ್ ಒಳಗೆ. ದ್ರವ ತುಂಬುವ ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟರೂ ಅಷ್ಟೇ, ಮೊದಲಿನಿಂದ ಕೆಲಸ.

ಜೋರಾಗಿ ನೆಲಮುಟ್ಟ ತುಳಿದರೆ ಬೇಗ ಮುಗಿಯುತ್ತದೆ ಎನ್ನುವುದೂ ತಪ್ಪು. ಹಳೆಯ ಸಿಲಿಂಡರಿನಲ್ಲಿ ರಬ್ಬರ್ ದಿನವೂ ಓಡಾಡದ ಕೊನೆಯ ಭಾಗಕ್ಕೆ ತುಕ್ಕು ಕೂತಿರುತ್ತದೆ. ಪೂರ್ತಿ ತುಳಿದರೆ ರಬ್ಬರ್ ಅಲ್ಲಿಗೆ ಹೋಗಿ ಹರಿದೀತು. ಪೆಡಲ್ ಕೆಳಗೆ ಮರದ ತುಂಡೊಂದನ್ನಿಟ್ಟು, ನಿಧಾನವಾಗಿ ತುಳಿಯುವುದು ಲೇಸು. ಬಣ್ಣದ ಮೇಲೆ ದ್ರವ ಚೆಲ್ಲಿದರೆ ಬಟ್ಟೆಯಲ್ಲಿ ಉಜ್ಜದೆ ಕೂಡಲೇ ನೀರು ಸುರಿಯಿರಿ. ಕಾರನ್ನು ಸೈಜುಗಲ್ಲು, ಇಟ್ಟಿಗೆ ಪೇರಿಸಿ ನಿಲ್ಲಿಸಬೇಡಿ, ಜಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿ.

ಎಲ್ಲ ಮುಗಿದ ಮೇಲೆ ಎಂಜಿನ್ ಶುರುಮಾಡದೆ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಕೊಂಚ ಇಳಿದರೂ ಕಾರನ್ನು ಅಂಗಳದಿಂದ ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ತೆಗೆದ ಹಳೆಯ ದ್ರವ ವಿಷ. ಅದನ್ನು ನಾಲೆಗೂ ಗದ್ದೆಯ ಬದುವಿಗೂ ಚೆಲ್ಲದೆ, ಮಕ್ಕಳ ಕೈಗೆ ಸಿಗದಂತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಗ್ಯಾರೇಜಿಗೆ ಕೊಡಿ.