ಹಳೆಯ ಜೀಪಿಗೆ ಹೊರಗಿನ ಥಳುಕು ಸಾಲದು

ಕೊಡಗಿನ ತೋಟದ ಮನೆಗಳಲ್ಲಿ ಜೀಪು ಕುಟುಂಬದ ಸದಸ್ಯನಿದ್ದಂತೆ. ಕಾಫಿಯ ಮೂಟೆ, ಗೊಬ್ಬರದ ಚೀಲ, ಆಸ್ಪತ್ರೆಗೆ ಹೊರಟ ರೋಗಿ, ಭಾನುವಾರದ ಬಲಿಪೂಜೆಗೆ ತೆರಳುವ ಮನೆಮಂದಿ, ಎಲ್ಲರ ಭಾರವನ್ನೂ ಅದೇ ಹೊರುತ್ತದೆ. ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಆ ವಂಶದ ಹಳೆಯ ವಾಹನಗಳು ಇಂದಿಗೂ ನಮ್ಮ ಮಲೆದಾರಿಗಳಲ್ಲಿ ಸಂಚರಿಸುತ್ತಿವೆ.

ಇವುಗಳ ಪರಮಶತ್ರು ತುಕ್ಕು. ಕಬ್ಬಿಣ, ನೀರು, ಆಮ್ಲಜನಕ ಒಂದುಗೂಡಿದಲ್ಲಿ ಅದು ಜನಿಸುತ್ತದೆ. ರಾಸಾಯನಿಕ ಗೊಬ್ಬರದ ಲವಣಾಂಶ ಅದನ್ನು ತ್ವರಿತಗೊಳಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಬಣ್ಣ ಗುಳ್ಳೆಯಂತೆ ಉಬ್ಬುತ್ತದೆ. ರಬ್ಬರ್ ಹಾಸಿನ ಅಡಿ, ಬ್ಯಾಟರಿಯ ತಟ್ಟೆ, ಮಡ್‌ಗಾರ್ಡಿನ ಒಳಭಾಗ, ಚಾಸಿಯ ಸಂದುಗಳನ್ನು ಮೊದಲು ಪರೀಕ್ಷಿಸಬೇಕು. ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಗಡು ಕುಸಿದರೆ ಆ ಭಾಗ ಸತ್ತಿದೆಯೆಂದೇ ಅರ್ಥ.

ಮೇಲ್ಪದರದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವತನಕ ಉಜ್ಜಬೇಕು. ತೂತು ಬಿದ್ದಲ್ಲಿ ಕೊಳೆತ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಬೆಸೆಯಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಇಂಧನದ ಟ್ಯಾಂಕನ್ನು ದೂರವಿರಿಸುವುದು ಕಡ್ಡಾಯ.

ತಗ್ಗುಗಳ ವಿಷಯದಲ್ಲಿ ಜೀಪು ಉಪಕಾರಿ. ಅದರ ಮೈ ಬಹುಪಾಲು ಚಪ್ಪಟೆ ತಗಡು. ಟಿಂಕರಿಂಗ್ ಬಲ್ಲವರು ಒಂದು ಬದಿಗೆ ಉಕ್ಕಿನ ಡಾಲಿಯನ್ನು ಆನಿಸಿ, ತಗ್ಗಿನ ಅಂಚಿನಿಂದ ನಡುವಿನತ್ತ ಮೆಲ್ಲಗೆ ಬಡಿಯುತ್ತಾರೆ. ಆತುರದಿಂದ ಬಡಿದರೆ ತಗಡು ಹಿಗ್ಗಿ ಅಲೆಯಾಗುತ್ತದೆ. ಪುಟ್ಟಿಯನ್ನು ತೆಳುವಾಗಿ, ಕೊನೆಯ ಸಮತಲಕ್ಕಷ್ಟೇ ಬಳಸಬೇಕು. ಅನಂತರ ಪ್ರೈಮರ್, ಬಳಿಕ ಬಣ್ಣ.

ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಖರ್ಚು ಕಡಿಮೆಯೆನಿಸೀತು. ಆದರೆ ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಅಲ್ಲಿ ನಿಜವಾಗುತ್ತದೆ. ಮಡ್‌ಗಾರ್ಡಿನ ತೂತು ಅಂದಗೆಡಿಸೀತು, ಚಾಸಿಯ ಬಿರುಕಾದರೋ ಇಳಿಜಾರಿನ ತಿರುವಿನಲ್ಲಿ ಪ್ರಾಣಕ್ಕೇ ಎರವಾದೀತು. ಅಂತಹ ಬಿರುಕನ್ನು ಅನುಭವಿಗಳಿಗೇ ಒಪ್ಪಿಸಬೇಕು.

ಮತ್ತೊಂದು ಎಚ್ಚರ: ಉಜ್ಜುವ ಭರದಲ್ಲಿ ಚಾಸಿಯ ಸಂಖ್ಯೆ ಅಳಿಯದಿರಲಿ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ಬಳಿಕ ನವೀಕರಿಸುವಾಗ ಆ ಸಂಖ್ಯೆಯೇ ವಾಹನದ ಗುರುತು.

ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮುನ್ನಿನ ಒಣದಿನಗಳು ಈ ಕೆಲಸಕ್ಕೆ ಪ್ರಶಸ್ತ. ಮಳೆಗಾಲದುದ್ದಕ್ಕೂ ಕೆಸರನ್ನು ತೊಳೆದು, ನೆಲದ ತಗಡಿನ ನೀರುಗಂಡಿಗಳನ್ನು ತೆರೆದಿಟ್ಟರೆ ಮಾಡಿದ ದುರಸ್ತಿ ಬಹುಕಾಲ ಬಾಳುತ್ತದೆ.