ಬೀಡಿ ಬಿಟ್ಟ ಮೇಲೆ ಕೆಮ್ಮು ಹೆಚ್ಚಾಯಿತೇ?

‘ಡಾಕ್ಟ್ರೇ, ನೀವು ಹೇಳಿದ್ರಿ ಅಂತ ಬೀಡಿ ಬಿಟ್ಟೆ. ಬಿಟ್ಟ ಮೇಲೇ ಕೆಮ್ಮು ಶುರುವಾಗಿದ್ದು. ಸೇದ್ತಾ ಇದ್ದಾಗಲೇ ಚೆನ್ನಾಗಿದ್ದೆ.’

2016ರ ಮಳೆಗಾಲದಲ್ಲಿ ನನ್ನ ಕ್ಲಿನಿಕ್ಕಿಗೆ ಬಂದು ಹೀಗೆಂದವರು 56 ವರ್ಷದ ಒಬ್ಬ ಲಾರಿ ಚಾಲಕರು. ಹದಿನೆಂಟನೆಯ ವಯಸ್ಸಿಗೆ ಕ್ಲೀನರ್ ಕೆಲಸಕ್ಕೆ ಸೇರಿದಾಗ ಕಲಿತ ಬೀಡಿ. ದಿನಕ್ಕೆ ಒಂದು ಕಟ್ಟು ಸಾಲುತ್ತಿರಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟು ಒಂದು ದಿನ ನಿಲ್ಲಿಸಿಯೇಬಿಟ್ಟರು. ಆಮೇಲೆ ರಾತ್ರಿಯೆಲ್ಲ ಕೆಮ್ಮು, ಕಪ್ಪು ಮಿಶ್ರಿತ ಕಫ, ಬಾಯಲ್ಲಿ ಹುಣ್ಣು, ಮಲಬದ್ಧತೆ, ನಿದ್ದೆಯಿಲ್ಲ, ಹೆಂಡತಿ ಮಕ್ಕಳ ಮೇಲೆ ರೇಗಾಟ. ಹತ್ತೊಂಬತ್ತು ದಿನ ತಡೆದರು. ಇಪ್ಪತ್ತನೆಯ ದಿನ ಊರಿನಿಂದ ಬಂದ ಅವರ ಭಾವ, ‘ಹಳೇ ಚಟ ಹೀಗೆ ಒಂದೇ ಸಲ ಬಿಡಬಾರದು, ಮೈಗೆ ಒಗ್ಗಿಹೋಗಿರುತ್ತೆ’ ಎಂದು ತಮ್ಮ ಕಟ್ಟಿನಿಂದಲೇ ಒಂದು ಬೀಡಿ ತೆಗೆದುಕೊಟ್ಟರು. ನಾಲ್ಕೈದು ದಿನಗಳಲ್ಲಿ ಕೆಮ್ಮು ತಗ್ಗಿತು. ಭಾವ ಹೇಳಿದ್ದೇ ಸರಿ ಎಂದಾಯಿತು.

ತಪ್ಪು ಭಾವನದ್ದು ಎನ್ನಲಾರೆ. ‘ಬೀಡಿ ಬಿಟ್ಟುಬಿಡಿ’ ಎಂದು ಹೇಳಲು ನಾನು ತೆಗೆದುಕೊಂಡದ್ದು ಅರ್ಧ ನಿಮಿಷ. ಬಿಟ್ಟ ಮೇಲೆ ಮೊದಲ ಒಂದು ತಿಂಗಳು ಏನೇನಾಗುತ್ತದೆ ಎಂಬುದನ್ನು ಹೇಳಿರಲಿಲ್ಲ. ಹೊರಗೆ ಸಾಲಿನಲ್ಲಿ ಇಪ್ಪತ್ತು ಜನ ಕಾಯುತ್ತಿದ್ದರು ಎಂಬುದು ನೆಪ ಮಾತ್ರ. ಆ ದಿನ ಹೇಳದೆ ಬಿಟ್ಟ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಬಹಳ ವರ್ಷಗಳಿಂದ ಧೂಮಪಾನ ಮಾಡುವವರಿದ್ದರೆ ಅವರಿಗಿಂತ ಮೊದಲು ಮನೆಯವರು ಇದನ್ನು ಓದುವುದು ಒಳ್ಳೆಯದು.

ಮೊದಲು ಕೆಮ್ಮಿನ ವಿಷಯ. ನಮ್ಮ ಶ್ವಾಸನಾಳಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಪೈರು ಬಾಗಿದಂತೆ ಇವು ಸದಾ ಒಂದೇ ದಿಕ್ಕಿಗೆ ಬಾಗಿ ಏಳುತ್ತ, ಒಳಗೆ ಬಿದ್ದ ಧೂಳು, ರೋಗಾಣು, ಕಫವನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ. ತಂಬಾಕಿನ ಹೊಗೆ ಈ ರೋಮಗಳನ್ನು ಮಂಕುಗೊಳಿಸುತ್ತದೆ, ವರ್ಷಗಟ್ಟಲೆ ಸೇದಿದರೆ ಎಷ್ಟೋ ಕಡೆ ಅವು ಉದುರಿಯೇ ಹೋಗಿರುತ್ತವೆ. ಕಸ ಒಳಗೇ ಉಳಿಯುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಅಳಿದುಳಿದ ರೋಮಗಳು ಚೇತರಿಸಿಕೊಂಡು ಕೆಲಸಕ್ಕೆ ಇಳಿಯುತ್ತವೆ. ಬಹಳ ಕಾಲ ಬೀಗ ಹಾಕಿದ್ದ ಮನೆಯನ್ನು ಗುಡಿಸಲು ಹೊರಟರೆ ಮೊದಲು ಧೂಳು ಎದ್ದೇ ಏಳುತ್ತದಲ್ಲವೇ? ಬಿಟ್ಟ ಮೇಲೆ ಬರುವ ಕೆಮ್ಮು ಅಂಥದ್ದು. ಎಲ್ಲರಿಗೂ ಬರುವುದಿಲ್ಲ, ಬಂದರೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮತ್ತೆ ಸೇದಿದರೆ ಕೆಮ್ಮು ತಗ್ಗುವುದು ನಿಜ. ಏಕೆಂದರೆ ಗುಡಿಸುವ ಕೆಲಸ ಮತ್ತೆ ನಿಂತಿರುತ್ತದೆ.

‘ನಮ್ಮ ದೊಡ್ಡಪ್ಪ ಬೀಡಿ ಬಿಟ್ಟ ಆರೇ ತಿಂಗಳಿಗೆ ಹೋಗಿಬಿಟ್ಟರು’ ಎಂಬ ಮಾತು ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಅರ್ಥ ಮಾತ್ರ ತಿರುವುಮುರುವಾಗಿದೆ. ನಮ್ಮಲ್ಲಿ ಬಹುಪಾಲು ಜನ ಬೀಡಿ ಬಿಡುವುದು ಯಾವಾಗ? ಎದೆನೋವು ಬಂದಾಗ, ಕಫದಲ್ಲಿ ರಕ್ತ ಕಂಡಾಗ, ನಾಲ್ಕು ಹೆಜ್ಜೆಗೇ ದಮ್ಮು ಕಟ್ಟಿದಾಗ. ದೊಡ್ಡಪ್ಪನವರ ಕಾಯಿಲೆ ಬೀಡಿ ಬಿಡುವುದಕ್ಕಿಂತ ಎಷ್ಟೋ ಮೊದಲೇ ಒಳಗೆ ಬೆಳೆದಿತ್ತು. ಕಾಯಿಲೆ ಬಂದದ್ದಕ್ಕೆ ಬೀಡಿ ಬಿಟ್ಟರೇ ಹೊರತು ಬೀಡಿ ಬಿಟ್ಟದ್ದಕ್ಕೆ ಕಾಯಿಲೆ ಬರಲಿಲ್ಲ.

‘ಒಂದೇ ಸಲ ಬಿಡಬಾರದು’ ಎಂಬ ನಂಬಿಕೆಗೂ ಒಂದು ಮೂಲ ಇರಬಹುದೆಂದು ನನಗೆ ಅನಿಸುತ್ತದೆ. ದಿನವೂ ವಿಪರೀತ ಮದ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಕೆಲವೊಮ್ಮೆ ಫಿಟ್ಸ್ ಬರುವುದುಂಟು. ಅದು ಪ್ರಾಣಾಪಾಯಕ್ಕೂ ತಿರುಗಬಹುದಾದ್ದರಿಂದ ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ತಂಬಾಕಿಗೆ ಈ ಮಾತು ಅನ್ವಯಿಸುವುದಿಲ್ಲ. ನಲವತ್ತು ವರ್ಷ ಸೇದಿದವರು ನಾಳೆ ಬೆಳಿಗ್ಗೆಯೇ ನಿಲ್ಲಿಸಿದರೂ ಹಿಂಸೆಯಾಗಬಹುದೇ ಹೊರತು ಪ್ರಾಣಕ್ಕೇನೂ ಆಗುವುದಿಲ್ಲ.

ಆ ಹಿಂಸೆಯನ್ನು ಹಗುರವಾಗಿ ಕಾಣಬಾರದು. ಹೊಗೆಯಲ್ಲಿರುವ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಮೆದುಳು ಮತ್ತೆ ಕೇಳುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕು ಎನ್ನುವವರಲ್ಲಿ ಈ ಹಿಡಿತ ಗಟ್ಟಿಯಾಗಿದೆ ಎಂದು ತಿಳಿಯಬೇಕು. ಬಿಟ್ಟ ಎರಡು ಮೂರನೆಯ ದಿನ ಚಡಪಡಿಕೆ, ಸಿಡುಕು, ಮಂಕು ಎಲ್ಲವೂ ತುತ್ತತುದಿಗೆ ಏರಿ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಬೀಡಿ ಬೇಕೆಂಬ ಒಂದೊಂದು ತುಡಿತವೂ ಸಾಮಾನ್ಯವಾಗಿ ಕೆಲವು ನಿಮಿಷಗಳದ್ದು. ಒಂದು ಲೋಟ ನೀರು ಕುಡಿದು ಬೀದಿಯ ತುದಿಯವರೆಗೆ ನಡೆದುಬರುವಷ್ಟರಲ್ಲಿ ಅದು ಕಳೆದಿರುತ್ತದೆ.

‘ಬೆಳಿಗ್ಗೆ ಒಂದು ಸೇದದಿದ್ದರೆ ಹೊಟ್ಟೆ ಸರಿಹೋಗಲ್ಲ’ ಎಂಬುದು ನೆಪವೇನಲ್ಲ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ. ಬಿಟ್ಟಾಗ ಕೆಲವರಿಗೆ ಮಲಬದ್ಧತೆಯಾಗುತ್ತದೆ. ಸೊಪ್ಪು, ಬಾಳೆಹಣ್ಣು, ಸಾಕಷ್ಟು ನೀರು, ಬೇಕಾದರೆ ರಾತ್ರಿ ಒಂದು ಚಮಚ ಇಸಬಗೋಲು ತೆಗೆದುಕೊಂಡರೆ ಕೆಲವು ವಾರಗಳಲ್ಲಿ ಕರುಳು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ.

ಕಾಫಿಯ ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೊಗೆಯ ಕೆಲವು ರಾಸಾಯನಿಕಗಳಿಂದಾಗಿ ಧೂಮಪಾನಿಗಳ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟ ಮೇಲೆ ಈ ವೇಗ ತಗ್ಗುವುದರಿಂದ ಎಂದಿನಷ್ಟೇ ಕಾಫಿ ಕುಡಿದರೂ ದೇಹದಲ್ಲಿ ಉಳಿಯುವ ಕೆಫೀನ್ ಹೆಚ್ಚುತ್ತದೆ. ನಿದ್ದೆ ಬಾರದೆ ಎದೆ ಡವಡವ ಎನ್ನುವಾಗ ಬೀಡಿ ಬಿಟ್ಟದ್ದನ್ನು ದೂರುವವರು ದಿನದ ಆರು ಲೋಟ ಕಾಫಿಯನ್ನು ಮೂರಕ್ಕೆ ಇಳಿಸಿ ನೋಡಬೇಕು. ಉಬ್ಬಸಕ್ಕೆ ಡೆರಿಫಿಲಿನ್‌ನಂಥ ಥಿಯೋಫಿಲಿನ್ ಮಾತ್ರೆ ನುಂಗುವವರಿಗೆ ಇದು ಇನ್ನೂ ಮುಖ್ಯ. ಅದೂ ಇದೇ ದಾರಿಯಲ್ಲಿ ಕರಗುವ ಔಷಧ. ವಾಕರಿಕೆ, ಕೈನಡುಕ, ಎದೆಬಡಿತ ಕಂಡರೆ ಮಾತ್ರೆಯ ಪ್ರಮಾಣ ತಗ್ಗಿಸಬೇಕಾಗಬಹುದು. ಹಾಗಾಗಿ ಬೀಡಿ ಬಿಡುವ ಮುನ್ನವೇ ವೈದ್ಯರಿಗೆ ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರೂ ಆ ತಿಂಗಳುಗಳಲ್ಲಿ ಸಕ್ಕರೆ ಪರೀಕ್ಷೆಯನ್ನು ಪದೇ ಪದೇ ಮಾಡಿಸಿಕೊಳ್ಳಬೇಕು.

ಇಷ್ಟು ವರ್ಷ ಸೇದಿ ಈಗ ಬಿಟ್ಟು ಏನು ಬಂತು? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಸಂಗಡಿಗರು. ಅಲ್ಲಿನ ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರನ್ನು 1951ರಿಂದ ಐವತ್ತು ವರ್ಷಗಳ ಕಾಲ ಗಮನಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊನೆಯವರೆಗೂ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲು ತೀರಿಕೊಂಡಿದ್ದರು. ಮೂವತ್ತನೆಯ ವಯಸ್ಸಿನ ಹೊತ್ತಿಗೆ ಬಿಟ್ಟವರು ಈ ಹತ್ತು ವರ್ಷಗಳನ್ನು ಬಹುತೇಕ ಪೂರ್ತಿಯಾಗಿ ಉಳಿಸಿಕೊಂಡರು. ನಲವತ್ತರಲ್ಲಿ ಬಿಟ್ಟವರು ಸುಮಾರು ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟವರೂ ಮೂರು ವರ್ಷ ಗಳಿಸಿದ್ದರು. ಅರವತ್ತರ ತಾತನಿಗೆ ಮೂರು ವರ್ಷವೆಂದರೆ ಮೊಮ್ಮಗಳ ಮದುವೆ ನೋಡುವಷ್ಟು ಕಾಲ.

ಹೃದಯಕ್ಕೆ ಲಾಭ ಬೇಗ ಸಿಗುತ್ತದೆ. ಧೂಮಪಾನದಿಂದ ಬಂದಿದ್ದ ಹೆಚ್ಚುವರಿ ಅಪಾಯ ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧವಾಗಲು ಹತ್ತು ವರ್ಷ ಬೇಕು. ಆದರೆ ಉಸಿರಿನ ಶಕ್ತಿಯ ಲೆಕ್ಕ ಬೇರೆ. ವಯಸ್ಸಾದಂತೆ ಎಲ್ಲರಲ್ಲೂ ಮೊದಲ ಒಂದು ಸೆಕೆಂಡಿನಲ್ಲಿ ರಭಸವಾಗಿ ಊದಬಲ್ಲ ಗಾಳಿ ವರ್ಷಕ್ಕೆ ಸುಮಾರು 30 ಮಿಲಿಲೀಟರಿನಂತೆ ಕುಗ್ಗುತ್ತದೆ, ಹೊಗೆಯ ಪೆಟ್ಟು ತಟ್ಟುವವರಲ್ಲಿ ಅದರ ಎರಡರಷ್ಟು ಅಥವಾ ಇನ್ನೂ ಹೆಚ್ಚು. ಬಿಟ್ಟರೆ ಈ ಕುಸಿತ ಸಹಜ ವೇಗಕ್ಕೆ ಮರಳುತ್ತದೆ. ಹೋದದ್ದು ಮಾತ್ರ ಹೋಯಿತು.

ಬೀಡಿ ಸಿಗರೇಟಿಗಿಂತ ವಾಸಿ ಎಂದುಕೊಂಡವರಿಗೆ ಒಂದು ಮಾತು. ಬೀಡಿಯಲ್ಲಿ ತಂಬಾಕು ಕಡಿಮೆ, ನಿಜ. ಆದರೆ ಅದರ ಎಲೆಯಲ್ಲಿ ಗಾಳಿಯಾಡುವುದಿಲ್ಲ, ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಇದರಿಂದ ಒಳಹೋಗುವ ಟಾರ್, ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗೆ ಕಡಿಮೆಯೇನಿಲ್ಲ. ‘ದಿನಕ್ಕೆ ಒಂದೇ ಒಂದು’ ಎಂಬ ರಾಜಿಯೂ ಬೇಡ. ಒಂದೇ ಸಿಗರೇಟಿನಿಂದ ಹೃದಯಕ್ಕೆ ಬರುವ ಅಪಾಯ ಇಪ್ಪತ್ತರಲ್ಲಿ ಒಂದು ಪಾಲಲ್ಲ, ಇಪ್ಪತ್ತು ಸೇದುವವರಿಗೆ ಬರುವ ಅಪಾಯದ ಹತ್ತಿರ ಹತ್ತಿರ ಅರ್ಧದಷ್ಟು. ಬೀಡಿ ಬಿಟ್ಟು ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಹಿಡಿಯುವುದಂತೂ ಶ್ವಾಸಕೋಶವನ್ನು ಬಿಟ್ಟು ಬಾಯಿಯನ್ನು ಕ್ಯಾನ್ಸರಿಗೆ ಒಡ್ಡಿದಂತೆ.

ಆ ಚಾಲಕರು ಮತ್ತೆ ಬಂದದ್ದು 2018ರ ಕೊನೆಯಲ್ಲಿ. ಲಾರಿಯ ಕ್ಯಾಬಿನ್ ಹತ್ತುವಷ್ಟರಲ್ಲಿ ಏದುಸಿರು. ಊದಿಸಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆಯಲ್ಲಿ ಉಸಿರಿನ ಶಕ್ತಿ ಇರಬೇಕಾದದ್ದರ ಅರ್ಧಕ್ಕೆ ಬಂದಿತ್ತು. ಈ ಸಲ ಹೆಂಡತಿಯನ್ನೂ ಮಗನನ್ನೂ ಕೂರಿಸಿಕೊಂಡು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಮುಂದಿನ ಅಮಾವಾಸ್ಯೆಯ ದಿನ ಬಿಡುವುದೆಂದು ಅವರೇ ನಿಶ್ಚಯಿಸಿದರು, ಹೇಗೂ ಆ ದಿನ ಲಾರಿ ತೆಗೆಯುವುದಿಲ್ಲವಂತೆ. ನಿಕೋಟಿನ್ ಚೂಯಿಂಗ್ ಗಮ್ ಬರೆದುಕೊಟ್ಟೆ. 2 ಮಿಲಿಗ್ರಾಂ ಗಮ್ ಚೀಟಿಯಿಲ್ಲದೆಯೂ ಔಷಧದಂಗಡಿಯಲ್ಲಿ ಸಿಗುತ್ತದೆ, 4 ಮಿಲಿಗ್ರಾಂ ಗಮ್‌ಗೆ ವೈದ್ಯರ ಚೀಟಿ ಬೇಕು. ಎಲೆಅಡಿಕೆಯಂತೆ ಇದನ್ನು ಎಡೆಬಿಡದೆ ಜಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಗ್ಯಾರಂಟಿ. ಖಾರವೆನಿಸುವವರೆಗೆ ನಿಧಾನ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಂಡು, ಖಾರ ಹೋದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದು ಕಾಲು ಗಂಟೆ ಬಿಟ್ಟು ಹಾಕಿಕೊಳ್ಳಬೇಕು. ಗಮ್ ಸಾಲದವರಿಗೆ ಬುಪ್ರೋಪಿಯಾನ್, ವರೆನಿಕ್ಲಿನ್ ಮಾತ್ರೆಗಳಿವೆ, ಅವನ್ನು ಮಾತ್ರ ವೈದ್ಯರೇ ಕೊಡಬೇಕು.

1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು 2018ರ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಮುದ್ರಿಸಲಾಗುತ್ತಿದೆ. ದಕ್ಷಿಣದ ಭಾಷೆಗಳ ಕರೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ. ಕನ್ನಡದಲ್ಲೇ ಮಾತನಾಡಬಹುದು.

ಅವರ ಹೆಂಡತಿ ಮಾಡಿದ ಕೆಲಸ ನಾನು ಬರೆದುಕೊಟ್ಟದ್ದಕ್ಕಿಂತ ದೊಡ್ಡದು. ಮೊದಲ ಮೂರು ವಾರ ಗಂಡ ಎಷ್ಟೇ ರೇಗಿದರೂ ಎದುರಾಡಲಿಲ್ಲ. ಜೇಬು ತಡಕಲಿಲ್ಲ, ಬಾಯಿ ಮೂಸಲಿಲ್ಲ. ಭಾವ ಬಂದಾಗ ಮಾತ್ರ, ‘ಅಣ್ಣಾ, ಹೊರಗೆ ಹೋಗಿ ಸೇದ್ಕೊಂಡು ಬಾ’ ಎಂದು ಅಂಗಳ ತೋರಿಸಿದರು. ನಡುವೆ ಒಂದು ಮದುವೆಯಲ್ಲಿ ಚಾಲಕರು ಎರಡು ಬೀಡಿ ಸೇದಿ ಬಂದು ತಾವೇ ಹೇಳಿಕೊಂಡರು. ಮರುದಿನದಿಂದ ಮತ್ತೆ ಇಲ್ಲ. ಹೀಗೆ ಒಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದು ಕಟ್ಟು ಕೊಂಡುಕೊಳ್ಳುವವರೇ ಹೆಚ್ಚು. ಈಗ ಅವರು ಲಾರಿ ಬಿಟ್ಟಿದ್ದಾರೆ, ಇನ್‌ಹೇಲರ್ ಬೇಕೇ ಬೇಕು. ಆದರೂ ಸಂತೆಗೆ ನಡೆದೇ ಹೋಗುತ್ತಾರೆ, ದಾರಿಯಲ್ಲಿ ಒಂದು ಕಡೆ ಕೂರುತ್ತಾರೆ. ನಾಲ್ಕು ಕಿಲೋ ತೂಕ ಹೆಚ್ಚಿದೆ. ಬಿಟ್ಟ ಮೊದಲ ವರ್ಷ ಇಷ್ಟು ಹೆಚ್ಚುವುದು ಸಾಮಾನ್ಯ.

ಬಿಟ್ಟ ಮೇಲಿನ ಕೆಮ್ಮೆಲ್ಲ ಒಳ್ಳೆಯದೇ ಎಂದು ಸುಮ್ಮನಿರಲೂ ಬಾರದು. ಎರಡು ವಾರ ದಾಟಿಯೂ ಕೆಮ್ಮು ಇಳಿಮುಖವಾಗದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಕ್ಷಯಕ್ಕೆ ಅಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಯುವುದು, ದನಿ ಒಡೆದು ಸರಿಹೋಗದಿರುವುದು, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಕೂಡಲೇ, ಆ ರಾತ್ರಿಯೇ, ಆಸ್ಪತ್ರೆಗೆ ಹೋಗಿ.