ಕಿತ್ತೂರು ವಾಡೆಯ ಗೋಡೆಗಳು

ಬೆಳಗಾವಿಯ ಶಿವಬಸವ ನಗರದಿಂದ ಹೆದ್ದಾರಿ ಹಿಡಿದು ಧಾರವಾಡದತ್ತ ಹೊರಟರೆ ಸುಮಾರು 50 ಕಿ.ಮೀ. ದಾಟುವಷ್ಟರಲ್ಲಿ ಕಿತ್ತೂರು ಸಿಗುತ್ತದೆ. ಕೋಟೆಗೆ ಬರುವ ಹೆಚ್ಚಿನವರು ನೆನೆಯುವುದು 1824ರ ಅಕ್ಟೋಬರ್ 23ನ್ನು: ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೊಂದ ದಿನ. ಅದು ಸರಿಯೇ. ಆದರೆ ಆ ಕಾಳಗಕ್ಕೂ ಮೊದಲು ಕೋಟೆಯೊಳಗಿನ ವಾಡೆ, ಅಂದರೆ ಅರಮನೆ, ಜನ ಬಾಳಿದ ಮನೆಯಾಗಿತ್ತು ಎಂಬುದನ್ನೂ ಮರೆಯಬಾರದು.

ಆ ಮನೆಯನ್ನು ಅದೇ ಕಾಲದ ಬೇರೆ ಮನೆಗಳ ಪಕ್ಕದಲ್ಲಿಟ್ಟು ನೋಡಬಹುದು. ಚೆನ್ನಮ್ಮನ ದೇಸಾಯಿ ಮನೆತನ ಇಲ್ಲಿ ಆಳುತ್ತಿದ್ದ ಕಾಲಕ್ಕೇ ಇಂಗ್ಲೆಂಡಿನಲ್ಲಿ ಜಾರ್ಜ್ ಹೆಸರಿನ ದೊರೆಗಳ ಆಳ್ವಿಕೆ, 1714ರಿಂದ 1830ರವರೆಗೆ. ಬಾತ್ ಪಟ್ಟಣದ ರಾಯಲ್ ಕ್ರೆಸೆಂಟ್ ಆ ಯುಗದ ಹೆಸರಾಂತ ಮನೆಸಾಲು. ಕಿರಿಯ ಜಾನ್ ವುಡ್ 1767ರಿಂದ 1774ರೊಳಗೆ ಕಟ್ಟಿಸಿದ ಅದರ 30 ಮನೆಗಳಿಗೆ ಬೀದಿಯ ಕಡೆ ಒಂದೇ ಮುಖ, ಒಂದೇ ಅಳತೆಯ ಕಿಟಕಿ. ಹಿಂಭಾಗವನ್ನು ಮಾತ್ರ ಆಯಾ ಮಾಲೀಕರು ತಮಗೆ ಬೇಕಾದಂತೆ ಕಟ್ಟಿಕೊಂಡರು. ಅಡುಗೆಮನೆ ನೆಲಮಾಳಿಗೆಯಲ್ಲಿ, ಆಳುಗಳ ಮಲಗುವ ಕೋಣೆ ಅಟ್ಟದಲ್ಲಿ. ಕಿಟಕಿಗಳ ಲೆಕ್ಕದ ಮೇಲೆ ತೆರಿಗೆಯಿದ್ದುದರಿಂದ ಎಷ್ಟೋ ಕಡೆ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಬಿಟ್ಟರು. 1851ರಲ್ಲಿ ಆ ತೆರಿಗೆ ರದ್ದಾಯಿತು.

ರಾಯಲ್ ಕ್ರೆಸೆಂಟಿನ ಸೊಗಸು ಬೀದಿಯ ಕಡೆಯ ಮುಖದಲ್ಲಿದ್ದರೆ, ಕಿತ್ತೂರಿನ ವಾಡೆಯ ಸಂಪತ್ತು ಇರುವುದು ಒಳಗೆ. ಸೂರು ಹೋಗಿ, ಉಳಿದಿರುವುದು ದಪ್ಪ ಗೋಡೆಗಳಷ್ಟೆ. ಆದರೂ ಪಡಸಾಲೆ ಯಾವುದು, ಅಡುಗೆಮನೆ ಎಲ್ಲಿತ್ತು, ಬಚ್ಚಲಿಗೆ ನೀರು ಹೇಗೆ ಬರುತ್ತಿತ್ತು ಎಂದು ಗುರುತಿಸುತ್ತಾ ನಡೆಯಬಹುದು.

ಎಲ್ಲಕ್ಕಿಂತ ಸೊಗಸಾದದ್ದು ಗೋಡೆಯ ಒಂದು ದುಂಡನೆಯ ಕಿಂಡಿ. ಧ್ರುವ ನಕ್ಷತ್ರ ನೋಡಲೆಂದೇ ಅದನ್ನು ಇಟ್ಟಿದ್ದಾರೆ. ಬೇರೆ ಯಾವ ನಕ್ಷತ್ರಕ್ಕೂ ಹೀಗೆ ಅಲುಗದ ಕಿಂಡಿ ಇಟ್ಟು ಪ್ರಯೋಜನವಿಲ್ಲ, ರಾತ್ರಿಯೆಲ್ಲ ಅವು ಜಾಗ ಬದಲಿಸುತ್ತವೆ. ಧ್ರುವ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಅದು ಬಾನಿನಲ್ಲಿ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ಊರಿನ ಅಕ್ಷಾಂಶದ ಮೇಲೆ ನಿಂತಿದೆ. ಕಿತ್ತೂರಿನಲ್ಲಿ ಸುಮಾರು 15 ಡಿಗ್ರಿ, ಬಾತ್‌ನಲ್ಲಿ 51. ಅಂದರೆ ನಮ್ಮಲ್ಲಿ ಧ್ರುವ ದಿಗಂತದಿಂದ ತುಸುವೇ ಮೇಲೆ. ಗೋಡೆಯ ಕಿಂಡಿಯಿಂದ ನೋಡಲು ಹೇಳಿ ಮಾಡಿಸಿದ ಎತ್ತರ. ಬಾತ್‌ನಲ್ಲಿ ಅದೇ ನಕ್ಷತ್ರಕ್ಕೆ ಕತ್ತು ಎತ್ತಲೇಬೇಕು. ತಾನು ನಿಂತ ನೆಲವನ್ನು ಬಲ್ಲವನೇ ಈ ಕಿಂಡಿ ಕೊರೆಸಿದ್ದಾನೆ.

1824ರ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ಬೈಲಹೊಂಗಲದಲ್ಲಿ ಸೆರೆಯಾಗಿದ್ದ ಚೆನ್ನಮ್ಮ 1829ರಲ್ಲಿ ತೀರಿಕೊಂಡಳು. ಅತ್ತ ಬಾತ್‌ನಲ್ಲಿ ರಾಯಲ್ ಕ್ರೆಸೆಂಟಿನ ಒಂದನೇ ನಂಬರಿನ ಮನೆ ಇಂದು ವಸ್ತುಸಂಗ್ರಹಾಲಯ. ಕೋಣೆಗಳನ್ನು ಆ ಕಾಲದಂತೆಯೇ ಸಜ್ಜುಗೊಳಿಸಿ ತೋರಿಸುತ್ತಾರೆ. ಇತ್ತ ಕಿತ್ತೂರಿನಲ್ಲಿ ವಾಡೆಯ ಕೆತ್ತನೆಯ ಬಾಗಿಲ ಚೌಕಟ್ಟುಗಳು ಕೋಟೆಯೊಳಗಿನ ಸಂಗ್ರಹಾಲಯದಲ್ಲಿವೆ. ಅವನ್ನು ಮೊದಲು ನೋಡಿಕೊಂಡು ಆಮೇಲೆ ವಾಡೆಗೆ ಹೋಗುವುದು ಒಳ್ಳೆಯದು. ಬೋಳು ಗೋಡೆಗಳ ನಡುವಿನ ಖಾಲಿ ಬಾಗಿಲುಗಳಿಗೆ ಆ ಕೆತ್ತನೆಯನ್ನು ಹೊಂದಿಸಿ ನೋಡಲು ಬರುತ್ತದೆ.